ತಂಗಡಿ ಹೋದ ದಾರಿ

ತಂಗಡಿ ಗಿಡ ನಮ್ಮ ಅಂಗಳ ಬಿಟ್ಟು ಹೊರಟದ್ದು ಒಂದು ಸೋಮವಾರ. ನಾನು ಹಿತ್ತಲಲ್ಲಿ ಬಟ್ಟೆ ಒಗೆದು, ಹಿಂಡಿದ ಸೀರೆಗಳನ್ನು ಹೆಗಲ ಮೇಲೆ ಹೇರಿಕೊಂಡು ಮುಂಬಾಗಿಲಿಗೆ ಬಂದೆ. ಗಿಡ ತನ್ನ ಜಾಗದಲ್ಲಿರಲಿಲ್ಲ. ಅದು ನಿಂತಿದ್ದ ಕಡೆ ಹಸಿಮಣ್ಣು ಬಾಯಿ ಬಿಟ್ಟುಕೊಂಡಿತ್ತು. ಗಿಡ ಕಾಂಪೌಂಡ್ ಗೋಡೆಯ ಕಂಡಿಯ ಹತ್ತಿರ ಬೀದಿಯ ಕಡೆಗೆ ವಾಲಿ ನಿಂತಿತ್ತು, ಚಪ್ಪಲಿ ಮೆಟ್ಟಿಕೊಂಡು ಹೊರಟವರ ಹಾಗೆ.

ನಮ್ಮೂರಲ್ಲಿ ಕೇರಿಗೊಂದು ತಂಗಡಿ. ಅದು ನಡೆಯುವುದನ್ನು ಕಣ್ಣಾರೆ ಕಂಡವರಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಒಂದು ಗೇಣು ಮುಂದೆ ಹೋಗಿರುತ್ತದೆ, ಅಷ್ಟೆ. ಅದಕ್ಕೇ ಇಲ್ಲಿ ಯಾರು ಮನೆ ಕಟ್ಟಿಸಿದರೂ ಕಾಂಪೌಂಡಿನಲ್ಲಿ ಎಮ್ಮೆ ತೂರುವಷ್ಟು ಕಂಡಿ ಬಿಡುತ್ತಾರೆ. ಬೀದಿಗೆ ಡಾಂಬರು ಹಾಕುವಾಗ ನಡುವೆ ಒಂದು ಪಟ್ಟಿ ಮಣ್ಣನ್ನು ಹಾಗೇ ಉಳಿಸುತ್ತಾರೆ. ಹೊರಟ ಗಿಡವನ್ನು ತಡೆಯಬಾರದು, ತಡೆದರೆ ನಿಂತಲ್ಲೇ ಒಣಗುತ್ತದೆ. ಯಾರ ಅಂಗಳದಲ್ಲಿ ನಿಂತಿತೋ ಆ ಮನೆಯ ಹೆಂಗಸೇ ತನ್ನ ಕೈಯಾರೆ ಹೂ ಕಿತ್ತು ಕೇಳಿದವರಿಗೆಲ್ಲ ಕೊಡಬೇಕು. ಬೇರೆಯವರು ಗಿಡ ಮುಟ್ಟುವ ಹಾಗಿಲ್ಲ.

ನಾನು ಮದುವೆಯಾಗಿ ಬಂದಾಗಿನಿಂದ ಗಿಡ ನಮ್ಮಲ್ಲೇ ಇತ್ತು. ನಮ್ಮತ್ತೆ ಅಡುಗೆಮನೆ ತೋರಿಸುವ ಮೊದಲು ಅದನ್ನು ತೋರಿಸಿದ್ದರು. ಎದೆಯುದ್ದದ ಪೊದೆ. ದಾಲ್ಚಿನ್ನಿ ಬಣ್ಣದ ನುಣುಪು ತೊಗಟೆ, ಹುಣಸೆ ಎಲೆಯಂಥದೇ ಆದರೆ ಅದಕ್ಕಿಂತ ಅಗಲವಾದ ಜೋಡಿ ಎಲೆಗಳು, ಕೊಂಬೆಯ ತುದಿಗೆ ಗೊಂಚಲು ಗೊಂಚಲು ಅರಿಶಿನದ ಹೂ. ಎಸಳುಗಳು ಕೈಯಲ್ಲಿ ಹಿಚುಕಿ ಬಿಟ್ಟ ಕಾಗದದಂತೆ ಸುಕ್ಕು ಸುಕ್ಕು. ಮೊಗ್ಗು ಬಿರಿದ ಹೊತ್ತಿಗೆ ಕಪ್ಪು ದುಂಬಿಗಳು ಬಂದು ಹೂವನ್ನು ತಬ್ಬಿಕೊಂಡು ಗುಂಯ್ ಎಂದು ನಡುಗಿಸುತ್ತಿದ್ದವು. ಬೆಳಗಾದರೆ ಕೇರಿಯ ಜನವೆಲ್ಲ ನಮ್ಮ ಅಂಗಳದಲ್ಲಿ. ಎಳೆಮಗುವಿನ ಸ್ನಾನದ ನೀರಿಗೆ ಅಂತ ಒಬ್ಬರು, ಕಣ್ಣುರಿಗೆ ಅಂತ ಒಬ್ಬರು, ಸಕ್ಕರೆ ಕಾಯಿಲೆಯವರು ಕಷಾಯಕ್ಕೆ ಅಂತ. ಹೂವಿಗೆ ಬಂದವರು ಹೂ ತಗೊಂಡು ಹಾಗೇ ಹೋಗುತ್ತಿರಲಿಲ್ಲ, ಕೂತು ಮಾತಾಡಿ ಹೋಗುತ್ತಿದ್ದರು. ನನ್ನನ್ನು ಬರೀ ಓಬಳಮ್ಮ ಎಂದವರಿಲ್ಲ, ತಂಗಡಿ ಮನೆ ಓಬಳಮ್ಮ ಎಂದೇ ಕರೆಯುತ್ತಿದ್ದರು. ನಮ್ಮನೆಯವರದು ಸೈಕಲ್ ಶಾಪು. ಅಂಗಡಿಗೆ ಬರುವವರಿಗಿಂತ ನಮ್ಮ ಅಂಗಳಕ್ಕೆ ಬರುವವರೇ ಹೆಚ್ಚು ಎಂದು ಅವರು ನಗುತ್ತಿದ್ದರು.

ಹಿಂದಿನ ಬೇಸಿಗೆಯಲ್ಲಿ ನಲ್ಲಿ ಬಂತು. ಇಷ್ಟು ವರ್ಷ ಗಿಡಕ್ಕೆ ಒಂದು ತಂಬಿಗೆ ನೀರು ಹಾಕಿದವಳಲ್ಲ ನಾನು. ಈಗ ನೀರಿದೆ, ಉಣ್ಣಲಿ ಎಂದು ದಿನಾ ಸಂಜೆ ಕೊಳವೆ ಹಿಡಿದೆ. ಸಗಣಿ ಗೊಬ್ಬರ ಹಾಕಿದೆ. ಕಂಡಿಯ ಕಡೆ ಮಾತ್ರ ಮಣ್ಣು ಬಿಟ್ಟು ಸುತ್ತ ಸಿಮೆಂಟು ಮಾಡಿಸಿ, ಕೂರುವವರಿಗೆ ಕಟ್ಟೆ ಕಟ್ಟಿಸಿದೆ. ಗಿಡ ಕೊಬ್ಬಿತು, ಎಲೆ ದಪ್ಪಗಾದವು, ಹೂ ಕಮ್ಮಿಯಾದವು. ಆಮೇಲೆ ಎಲೆಗಳೂ ಹಳದಿಗೆ ತಿರುಗಿದವು. ಸೋಮವಾರ ಹೊರಟಿತು.

ಅದು ಬೀದಿಯಲ್ಲಿದ್ದ ದಿನಗಳಲ್ಲಿ ನಾನು ಜಗುಲಿ ಬಿಟ್ಟು ಏಳಲಿಲ್ಲ. ಸೈಕಲಿನವರು ಇಳಿದು ತಳ್ಳಿಕೊಂಡು ಹೋದರು. ಬಸ್ಸು ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಯಿತು. ಹಳದಿ ಚಿಟ್ಟೆಗಳು ಗಿಡದ ಜೊತೆ ಜೊತೆಗೇ ಹಾರುತ್ತಿದ್ದವು, ಅವುಗಳ ಹಸಿರು ಹುಳುಗಳು ಎಲೆ ಮೇಯುತ್ತಲೇ ಸವಾರಿ ಹೊರಟಿದ್ದವು. ಕೇರಿಯ ಹೆಂಗಸರೆಲ್ಲ ತಮ್ಮ ತಮ್ಮ ಕಂಡಿಯ ಕಸ ಗುಡಿಸಿ ರಂಗೋಲಿ ಬಿಟ್ಟರು. ನನ್ನ ಮುಖ ಕಂಡರೆ ಮಾತ್ರ ಪೊರಕೆ ಬೆನ್ನ ಹಿಂದೆ ಹಿಡಿಯುತ್ತಿದ್ದರು.

ಗಿಡ ಯಾರ ರಂಗೋಲಿಯನ್ನೂ ತುಳಿಯಲಿಲ್ಲ. ನಮ್ಮ ಮನೆಯ ಎದುರಿಗೆ, ಸ್ವಲ್ಪ ಬಲಕ್ಕೆ, ಹಿಂದೆ ಕಲ್ಲು ಒಡೆಯುವವರು ಚೂರು ಸುರಿಯುತ್ತಿದ್ದ ಒಂದು ಜಾಗವಿತ್ತು. ಬರೀ ಗರಸು, ಹುಲ್ಲುಕಡ್ಡಿಯೂ ಹುಟ್ಟದ ನೆಲ, ಮರದ ನೆರಳಿಲ್ಲ. ಅಲ್ಲಿನ ಒಂಟಿ ಕೋಣೆಯ ಮನೆಗೆ ಕಾಶವ್ವ ಎಂಬವಳು ಬಾಡಿಗೆಗೆ ಬಂದು ವರ್ಷವೂ ಆಗಿರಲಿಲ್ಲ. ಬಡಗಣ ಸೀಮೆಯವಳು, ಒಬ್ಬಳೇ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿದುಕೊಡುತ್ತಿದ್ದಳು. ಗಿಡ ಹೋಗಿ ಅವಳ ಗರಸಿನ ನಡುವೆ, ಬಿಸಿಲಿಗೆ ಎದೆಯೊಡ್ಡಿ ನಿಂತುಬಿಟ್ಟಿತು. ಅವಳ ಮನೆಗೆ ಕಾಂಪೌಂಡೂ ಇರಲಿಲ್ಲ, ಕಂಡಿಯೂ ಇರಲಿಲ್ಲ.

ಅವಳು ಅವತ್ತೇ ನಮ್ಮ ಬಾಗಿಲಿಗೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು.

"ಅಕ್ಕಾರ, ಇದು ನನ್ನ ಮನಿಗೆ ಯಾಕ ಬಂತೋ ನನಗ ಗೊತ್ತಿಲ್ರಿ. ಹೂ ಹೆಂಗ ಕೊಡಬೇಕು ಅಂತ ಹೇಳಿದ್ರ ಹಂಗ ಮಾಡ್ತೀನಿ."

"ನಿನ್ನ ಮನೆ ಗಿಡ. ನಿನ್ನ ಕೈ. ನಾನೇನ್ ಹೇಳ್ಲಿ" ಎಂದೆ.

"ಸಿಟ್ಟು ಮಾಡಬ್ಯಾಡ್ರಿ."

"ಸಿಟ್ಯಾಕೆ ಮಾಡ್ಲಿ. ಒಲೆ ಮೇಲೆ ಅನ್ನ ಐತೆ" ಎಂದು ಒಳಗೆ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಒಣ ನೆಲಕ್ಕೆ ಹೋದದ್ದೇ ಗಿಡಕ್ಕೆ ಹೊಸ ಪ್ರಾಯ ಬಂತು. ನಮ್ಮಲ್ಲಿ ಹಳದಿಯಾಗಿದ್ದ ಎಲೆಗಳೆಲ್ಲ ಉದುರಿ ಚಿಗುರಿತು, ಮೈತುಂಬ ಹೂ ಬಿಟ್ಟಿತು. ಅಷ್ಟು ಹೂವನ್ನು ನನ್ನ ಕಾಲದಲ್ಲಿ ಅದು ಒಂದು ಸಲವೂ ಬಿಟ್ಟಿರಲಿಲ್ಲ. ಇದನ್ನು ನಾನು ಕಿಟಕಿಯ ಸರಳು ಹಿಡಿದು ದಿನಾ ನೋಡಬೇಕಾಯಿತು. ಬೆಳಗಿನ ಜನವೆಲ್ಲ ಆ ಕಡೆ ತಿರುಗಿತು. ನಮ್ಮ ಕಟ್ಟೆಯ ಮೇಲೆ ಬೆಕ್ಕು ಮಲಗತೊಡಗಿತು. ನಮ್ಮನೆಯವರಿಗೂ ಸಕ್ಕರೆ ಕಾಯಿಲೆ. ಹೂವಿನ ಕಷಾಯ ಕುಡಿಯದೆ ಇದ್ದರೆ ಅವರಿಗೆ ಕಾಲು ಉರಿಯುತ್ತದೆ. ಮೊದಮೊದಲು ಸಂಕೋಚದಿಂದ ಹೋಗಿ ಹೂ ಈಸಿಕೊಂಡು ಬರುತ್ತಿದ್ದರು. ಆಮೇಲೆ ಅಲ್ಲೇ ಕುಡಿದು ಬರಲು ಶುರು ಮಾಡಿದರು.

"ಅವಳು ಒಂದು ಚೂರು ಶುಂಠಿ ಹಾಕ್ತಾಳೆ ಕಣೆ. ಕಹಿ ಗೊತ್ತೇ ಆಗಲ್ಲ" ಎಂದರು ಒಂದು ದಿನ.

"ಇಷ್ಟು ವರ್ಷ ಕುಡಿದಾಗ ಕಹಿ ಅಂತ ಹೇಳ್ಲಿಲ್ಲ ನೀವು."

"ಕೇಳ್ಲಿಲ್ವಲ್ಲ ನೀನು."

ಅವರು ಸುಮ್ಮನೆ ಹೇಳಿದ ಮಾತು. ನಾನು ಅದನ್ನು ಮಧ್ಯಾಹ್ನದವರೆಗೆ ಅಗಿದೆ. ಅವತ್ತು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ, ಅವರು ಸದ್ದಿಲ್ಲದೆ ಉಂಡು ಎದ್ದರು. ಅದೂ ನನಗೆ ಸೇರಲಿಲ್ಲ. ಕಾಶವ್ವ ಚೆಲುವೆಯಲ್ಲ, ಮಾತು ಕಡಿಮೆ, ನಮ್ಮನೆಯವರನ್ನು ತಲೆಯೆತ್ತಿ ನೋಡಿದವಳೂ ಅಲ್ಲ. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರೂ ಅವಳ ಕೈಯಿಂದ ಅವರ ಕೈಗೆ ಹೂ ಬೀಳುವಾಗ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಆದರೆ ಗಂಡನ ವಿಷಯ ದೊಡ್ಡದಲ್ಲ. ಇನ್ನೊಂದಿತ್ತು.

ತಂಗಡಿಯ ಎಲೆಕಡ್ಡಿಯ ಬುಡದಲ್ಲಿ ಎರಡು ಪುಟ್ಟ ಹಸಿರು ಕಿವಿಗಳಿರುತ್ತವೆ. ಹತ್ತಿರದಿಂದ ನೋಡದವರಿಗೆ ಕಾಣುವುದಿಲ್ಲ. ದುಂಡಗೆ, ಹೊರಗೆ ಮಡಿಸಿಕೊಂಡು, ಎಳೆಮಗುವಿನ ಕಿವಿಯ ಹಾಗೇ ಇರುತ್ತವೆ. ಬೇರೆ ಗಿಡಗಳಲ್ಲಿ ಅವು ಇದ್ದರೂ ಉದುರಿಹೋಗುತ್ತವೆ, ಇದರಲ್ಲಿ ಎಲೆ ಇರುವ ತನಕ ಉಳಿಯುತ್ತವೆ. ನನಗೊಂದು ಹೆಣ್ಣುಮಗು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಹೆಸರಿಲ್ಲದ ಮಗುವಿನ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನನಗೆ ಮಕ್ಕಳಾಗಲಿಲ್ಲ. ನಾನು ಮನಸ್ಸಿನಲ್ಲೇ ಅದಕ್ಕೊಂದು ಹೆಸರಿಟ್ಟಿದ್ದೆ, ಹೊನ್ನಿ ಅಂತ. ಹೂ ಕೀಳುವ ನೆಪದಲ್ಲಿ ಬಗ್ಗಿ ಆ ಕಿವಿಗಳ ಹತ್ತಿರ ಮಾತ್ರ ಆ ಹೆಸರು ಹೇಳುತ್ತಿದ್ದೆ. ಈ ವರ್ಷ ಇದ್ದಿದ್ದರೆ ಲಂಗ ಹಾಕುತ್ತಿದ್ದಳು, ಈ ವರ್ಷ ಇದ್ದಿದ್ದರೆ ಗಂಡು ಹುಡುಕುತ್ತಿದ್ದೆವು, ಹೀಗೆ. ಗಿಡದ ಕಿವಿಗೆ ಬಿದ್ದದ್ದು ಇನ್ನೆಲ್ಲೂ ಹೋಗುವುದಿಲ್ಲ ಎಂಬ ಧೈರ್ಯ. ಈಗ ಆ ಕಿವಿಗಳೆಲ್ಲ ಕಾಶವ್ವನ ಅಂಗಳದಲ್ಲಿದ್ದವು. ಅವಳು ಮಧ್ಯಾಹ್ನವಿಡೀ ಗಿಡದ ಮಗ್ಗುಲಲ್ಲೇ ಕೂತು ಕೌದಿ ಹೊಲಿಯುತ್ತಿದ್ದಳು. ಅವಳ ತುಟಿ ಅಲ್ಲಾಡುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

ಹೋದ ಗಿಡವನ್ನು ವಾಪಸ್ ಕರೆಯಬಾರದು ಎಂಬ ನೇಮವಿದೆ, ಅಂಗಳ ಹದ ಮಾಡಬಾರದು ಎಂದು ಯಾರೂ ಹೇಳಿಲ್ಲ. ಊರ ಹೊರಗಿನ ಕರಿಗುಡ್ಡಕ್ಕೆ ಹೋಗಿ ಕಾಡು ತಂಗಡಿ ಎಂಥ ಕಡೆ ನಿಲ್ಲುತ್ತದೆ ಎಂದು ನೋಡಿ ಬಂದೆ. ಬಂಡೆಯ ಸೀಳಿನಲ್ಲಿ, ಕೆಂಪು ಗರಸಿನಲ್ಲಿ, ಮೇಕೆ ಕೂಡ ಮೂಸಿ ಬಿಟ್ಟುಹೋಗುವ ಕಾರೆಮುಳ್ಳಿನ ನಡುವೆ, ನೀರು ನಿಲ್ಲದ ಇಳಿಜಾರಿನಲ್ಲಿ. ಬಂದವಳೇ ಹಾರೆ ಹಿಡಿದು ಸಿಮೆಂಟು ಕಿತ್ತೆ. ಕಟ್ಟೆ ಒಡೆದೆ. ಗಾಡಿಗಟ್ಟಲೆ ಗರಸು ತರಿಸಿ ಸುರಿದೆ. ಬಿಸಿಲು ಬೀಳಲಿ ಎಂದು ಬೇವಿನ ಕೊಂಬೆ ಕಡಿಸಿದೆ. ತುಳಸಿಯನ್ನು ಹಿತ್ತಲಿಗೆ ಸಾಗಿಸಿದೆ. ನಲ್ಲಿಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿದೆ.

ನಮ್ಮನೆಯವರು ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತರು.

"ಏನೇ ಓಬಿ ಇದು, ಮನೆ ಮುಂದೆ ಹಿಂಗೆ ಹಾಳುಗೆಡವಿದ್ದೀಯ?"

"ಅದಕ್ಕೆ ಇದೇ ಇಷ್ಟ."

"ಯಾವುದಕ್ಕೆ?"

ನಾನು ಕಾಲಲ್ಲಿ ಗರಸು ಹರಡಿದೆ. ಅವರು ಚಪ್ಪಲಿ ಬಿಡಲು ಹೋಗಿ, ಗರಸು ಚುಚ್ಚಿ, ಮತ್ತೆ ಮೆಟ್ಟಿಕೊಂಡು ಒಳಗೆ ನಡೆದರು. ಗಿಡ ಒಂದು ಬೆರಳಷ್ಟೂ ಈ ಕಡೆಗೆ ಜರುಗಲಿಲ್ಲ. ಅದರಲ್ಲಿ ಕಾಯಿ ಕಟ್ಟತೊಡಗಿತ್ತು. ಒಣಗಿದ ಕಾಯಿ ತೆಳ್ಳಗೆ, ಕಂದು ಕಾಗದದ ಪಟ್ಟಿಯಂತೆ, ಒಳಗಿನ ಬೀಜಗಳು ಹೊರಗಿನಿಂದಲೇ ಎಣಿಸುವಂತೆ ಉಬ್ಬಿರುತ್ತವೆ. ಗಾಳಿ ಬೀಸಿದರೆ ಗಿಲಗಿಲ ಎನ್ನುವ ಸದ್ದು ನಮ್ಮ ಮನೆಯವರೆಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಹೂವಿನ ಜನ ಅಲ್ಲಿ ಸೇರಿದ್ದಾಗ ನಾನು ಗರಸು ಕೆದಕುತ್ತ ನಮ್ಮ ಅಂಗಳದಲ್ಲಿದ್ದೆ. ಗಾಳಿ ಈ ಕಡೆಗಿತ್ತು. ಕಾಶವ್ವನ ಮಾತು ಸ್ಪಷ್ಟವಾಗಿ ಕೇಳಿಸಿತು. "ಬಗ್ಗ ಹೊನ್ನಿ, ಸ್ವಲ್ಪ ಬಗ್ಗ. ನನ್ನ ಕೈ ನಿಲುಕವಲ್ದು."

ನಾನು ಬೀದಿ ದಾಟಿದ್ದು ನನಗೆ ನೆನಪಿಲ್ಲ. ಕೈಯಲ್ಲಿ ಸಲಿಕೆ ಹಾಗೇ ಇತ್ತು. ಜನ ದಾರಿ ಬಿಟ್ಟರು. ನಮ್ಮನೆಯವರು ಲೋಟ ಹಿಡಿದು ಅಲ್ಲೇ ಕೂತಿದ್ದರು.

"ಆ ಹೆಸರು ನಿನಗ್ಯಾರು ಹೇಳಿದ್ರು?"

"ಯಾವ ಹೆಸರ್ರಿ ಅಕ್ಕಾರ?"

"ಈಗ ಕರೆದ್ಯಲ್ಲ."

"ಹೊನ್ನಿ ಅಂತಾನಾ? ನಮ್ಮ ಕಡೆ ಇದಕ್ಕ ಹೊನ್ನಾವರಿಕಿ ಅಂತಾರ್ರಿ. ಅಷ್ಟುದ್ದ ಯಾರು ಕರೀಬೇಕಂತ ಹೊನ್ನಿ ಅಂತೀನಿ."

"ಸುಳ್ಳು ಹೇಳಬೇಡ. ಅದೇ ನಿನಗೆ ಹೇಳೈತೆ. ಏನೇನ್ ಹೇಳ್ತು? ಎಲ್ಲಾನೂ ಹೇಳ್ತಾ?"

ಅವಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಕೈಯಲ್ಲಿದ್ದ ಹೂಗಳು ನೆಲಕ್ಕೆ ಬಿದ್ದವು. ನಮ್ಮನೆಯವರು ಎದ್ದು ಬಂದು ನನ್ನ ರಟ್ಟೆ ಹಿಡಿದರು. "ಬಾ ಓಬಿ, ಮನೆಗೆ ಹೋಗಾಣ. ಎಲ್ಲರೂ ನೋಡ್ತಾವ್ರೆ." ನಾನು ಕೊಡವಿಕೊಂಡೆ. ಈ ಗಿಡ ನಮ್ಮತ್ತೆಯ ಕೈಯಿಂದ ನನ್ನ ಕೈಗೆ ಬಂದದ್ದು, ಎಲ್ಲಿಂದಲೋ ಬಂದವಳು ಅದಕ್ಕೆ ಹೆಸರಿಡುವುದು ಬೇಡ, ಇನ್ನೊಂದು ಸಲ ಆ ಹೆಸರು ಅವಳ ಬಾಯಲ್ಲಿ ಬಂದರೆ ಚೆನ್ನಾಗಿರುವುದಿಲ್ಲ ಎಂದು ಕೂಗಿದೆ. ಇನ್ನೂ ಏನೇನೋ ಕೂಗಿದೆ. ಗಿಡದ ಮುಂದೆ ದನಿಯೇರಿಸಿ ಮಾತಾಡುವವರು ನಮ್ಮೂರಲ್ಲಿಲ್ಲ. ಜನ ಒಬ್ಬೊಬ್ಬರಾಗಿ ಹೂವಿಲ್ಲದೆ ಮನೆಗೆ ಹೋದರು.

ಮಾರನೆಯ ದಿನ ಕಾಶವ್ವ ಮತ್ತೆ ನಮ್ಮ ಬಾಗಿಲಿಗೆ ಬಂದಳು. ಈ ಸಲ ಕೈ ಒರೆಸಿಕೊಳ್ಳಲಿಲ್ಲ.

"ಹೊಂಟೈತಿ" ಎಂದಳು. "ನೀವು ಒದರಾಡಿದ್ದಕ್ಕ ಹೊಂಟೈತಿ. ಈಗ ಸಮಾಧಾನ ಆತೇನ್ರಿ?"

ಓಡಿ ಬಂದು ನೋಡಿದೆ. ಗಿಡ ಬೀದಿಗಿಳಿದಿತ್ತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ನನ್ನ ಗರಸಿನ ಕಡೆಗೆ ತಿರುಗೀತು ಎಂದುಕೊಂಡೆ. ಅದು ಊರ ಹೊರಗಿನ ದಾರಿ ಹಿಡಿದಿತ್ತು.

ಗಿಡ ಕೇರಿ ಬದಲಿಸಿದ್ದನ್ನು ಕೇಳಿದ್ದೇವೆ, ಊರು ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಕಾಶವ್ವ ಬಾಗಿಲಿಗೆ ಚಿಲಕ ಹಾಕಿ ಅದರ ಎಡಕ್ಕೆ ನಡೆದಳು. ಅವಳೊಬ್ಬಳೇ ಹೋದರೆ ನಾಳೆ ಅದು ಎಲ್ಲಿ ನಿಂತಿದೆ ಎಂದು ಅವಳಿಗೊಬ್ಬಳಿಗೇ ಗೊತ್ತಾಗುತ್ತದೆ. ನಾನು ಬುತ್ತಿ ಕಟ್ಟಿಕೊಂಡು ಬಲಕ್ಕೆ ನಡೆದೆ. ನಡೆದೆವು ಎಂದರೆ ತಪ್ಪಾಗುತ್ತದೆ. ಕೂತೆವು, ಎದ್ದು ಸ್ವಲ್ಪ ಮುಂದೆ ಹೋಗಿ ಮತ್ತೆ ಕೂತೆವು. ಕತ್ತಲಾದರೆ ಅವರವರ ಮನೆಗೆ ಬಂದು, ಬೆಳಕು ಹರಿಯುವ ಮೊದಲೇ ಒಬ್ಬರಿಗಿಂತ ಮುಂಚೆ ಇನ್ನೊಬ್ಬರು ಹೋಗಬೇಕೆಂದು ಓಡುತ್ತಿದ್ದೆವು. ಒಂದು ದಿನ ಅವಳು ಮುಂಚೆ, ಒಂದು ದಿನ ನಾನು. ಅವಳು ಜೋಳದ ರೊಟ್ಟಿ ತಿನ್ನುತ್ತಿದ್ದಳು, ನಾನು ಬೇರೆ ಕಡೆ ತಿರುಗಿ ಮುದ್ದೆ ಉಣ್ಣುತ್ತಿದ್ದೆ.

ಕೆರೆಯ ಏರಿ ದಾಟಿದ ಮೇಲೆ ತೊಗಲು ಹದ ಮಾಡುವವರ ಮನೆಗಳಿವೆ. ಅವರು ಗುಡ್ಡದ ತಂಗಡಿಯ ತೊಗಟೆ ಸುಲಿದು ತಂದು ನೀರಿನಲ್ಲಿ ಹಾಕಿ ತೊಗಲು ನೆನೆಸುತ್ತಾರೆ. ನಮ್ಮ ಗಿಡ ಬರುತ್ತಿರುವುದು ಕಂಡು ಅಲ್ಲಿನ ಹಿರಿಯ ದುರುಗಪ್ಪ ಕುಡುಗೋಲುಗಳನ್ನೆಲ್ಲ ಒಳಗಿಡಿಸಿದ. ತೊಗಟೆಯ ಕಟ್ಟುಗಳ ಮೇಲೆ ಗೋಣಿ ಮುಚ್ಚಿಸಿದ. ಗಿಡ ಅವರ ಓಣಿ ದಾಟುವ ತನಕ ಯಾರೂ ಕೆಲಸ ಮಾಡಲಿಲ್ಲ. "ಏನವ್ವ, ಇಬ್ರೂ ಬೀಗರನ್ನ ಕಳಿಸಿಕೊಡಕ್ಕೆ ಹೊಂಟಂಗಿದೆ" ಎಂದು ಅವನು ಇಬ್ಬರಿಗೂ ಮಜ್ಜಿಗೆ ಕೊಟ್ಟ. ನಾವು ಒಬ್ಬರ ಮುಖ ಒಬ್ಬರು ನೋಡದೆ ಕುಡಿದೆವು.

ಆಮೇಲೆ ಕರಿಗುಡ್ಡ. ಮಳೆ ಬಂದು ಹೋಗಿದ್ದ ಕಾಲ. ಇಳಿಜಾರಿನ ತುಂಬ ಕಾಡು ತಂಗಡಿಗಳು ಹೂ ಬಿಟ್ಟು, ಗುಡ್ಡಕ್ಕೆ ಅರಿಶಿನ ಎರಚಿದಂತಿತ್ತು. ನಮ್ಮ ಗಿಡ ಅಂಚಿನಲ್ಲಿದ್ದ ಮೊದಲ ಪೊದೆಗಳ ಹತ್ತಿರ ಬಂದಾಗ ಸಂಜೆಯಾಗಿತ್ತು. ನಾಳೆ ಬರೋಣ, ಎಲ್ಲಿ ಹೋದೀತು ಎಂದುಕೊಂಡು ಇಬ್ಬರೂ ಹಿಂದಿರುಗಿದೆವು. ಬೆಳಿಗ್ಗೆ ಬಂದು ನೋಡಿದರೆ ಅಂಚಿನಲ್ಲಿ ಅದಿರಲಿಲ್ಲ. ಪೊದೆಗಳ ನಡುವೆ ಎಲ್ಲೋ ಸೇರಿಕೊಂಡಿತ್ತು. ಎಲ್ಲವೂ ಎದೆಯುದ್ದ, ಎಲ್ಲಕ್ಕೂ ಅದೇ ತೊಗಟೆ, ಎಲ್ಲಕ್ಕೂ ಚಿಟ್ಟೆ.

ಸಾವಿರ ಗಿಡದಲ್ಲೂ ನಾನು ಅದನ್ನು ಗುರುತಿಸುತ್ತೇನೆ ಎಂದು ನಂಬಿದ್ದೆ. ಹುಡುಕಿದೆ. ಬಂಡೆಯ ಕೆಳಗೆ ಸ್ವಲ್ಪ ಎಡಕ್ಕೆ ಬಾಗಿದ ಒಂದನ್ನು ನೋಡಿ "ಇದೇ" ಎಂದೆ. ಅದೇ ಹೊತ್ತಿಗೆ ಕಾಶವ್ವ ಇನ್ನೊಂದು ಕಡೆಯಿಂದ ಬೇರೊಂದು ಪೊದೆಯ ಪಕ್ಕದಲ್ಲಿ ನಿಂತು "ಇದ ನೋಡ್ರಿ" ಎಂದಳು.

"ಅದಲ್ಲ. ಇದು. ಕೊಂಬೆ ನೋಡು."

"ಇದರ ಹೂ ನೋಡ್ರಿ. ನಾ ದಿನಾ ಕಿತ್ತದ್ದು ನನಗ ಗೊತ್ತಾಗಂಗಿಲ್ಲೇನು?"

"ನನಗೆ ಗೊತ್ತಾಗಲ್ವ ಹಂಗಾದ್ರೆ? ನೀನು ಹುಟ್ಟೋಕೆ ಮುಂಚೆ..." ಎಂದವಳು ನಿಲ್ಲಿಸಿದೆ. ಬಗ್ಗಿ ಆ ಗಿಡದ ಎಲೆಯ ಬುಡ ನೋಡಿದೆ. ಕಿವಿಗಳಿದ್ದವು. ಪಕ್ಕದ ಗಿಡ ನೋಡಿದೆ, ಅದಕ್ಕೂ ಇದ್ದವು. ಅದರಾಚೆಯದಕ್ಕೂ ಇದ್ದವು. ಇಡೀ ಗುಡ್ಡ ಕಿವಿ ಅಗಲಿಸಿಕೊಂಡು ನಿಂತಿತ್ತು. 

ತಿರುಗಿ ನೋಡಿದಾಗ ಕಾಶವ್ವ ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸದ್ದಿಲ್ಲದೆ ಅಳುತ್ತಿದ್ದಳು. ಗಿಡ ಬಂದು ಒಂದು ಮಳೆಗಾಲವೂ ಕಳೆದಿಲ್ಲ, ಇವಳಿಗ್ಯಾಕೆ ಇಷ್ಟು ಅಳು ಎಂದು ಮೊದಲು ನನಗೆ ಉರಿಯಿತು. ಆಮೇಲೆ ಮಧ್ಯಾಹ್ನದ ಹೊತ್ತು ಅವಳ ತುಟಿ ಅಲ್ಲಾಡುತ್ತಿದ್ದದ್ದು ಹೊಲಿಗೆಯ ಲೆಕ್ಕಕ್ಕಲ್ಲ ಎಂದು ಹೊಳೆಯಿತು.

"ನೀನೂ ಇದಕ್ಕೆ ಹೇಳ್ಕೊಳ್ತಿದ್ಯೇನೇ?" ಎಂದೆ.

"ಹೂಂ ರಿ."

"ಏನು?"

ಅವಳು ತುಂಬ ಹೊತ್ತು ಗರಸಿನ ಹರಳುಗಳನ್ನು ಎತ್ತಿ ಎತ್ತಿ ಬಿಟ್ಟಳು. ಆಮೇಲೆ ಹೇಳಿದಳು. ತನ್ನ ಊರು, ಬಿಟ್ಟು ಬಂದ ಮನೆ, ಯಾಕೆ ಬಿಟ್ಟಳು, ಅಲ್ಲಿ ಯಾರು ಉಳಿದರು, ಎಲ್ಲ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಅವಳು ಮುಗಿಸಿದ ಮೇಲೆ ನಾನು ಹೊನ್ನಿ ಯಾರೆಂದು ಹೇಳಿದೆ. ಮನುಷ್ಯರ ಮುಂದೆ ಆ ಹೆಸರು ಹೇಳಿದ್ದು ಅದೇ ಮೊದಲು. ಅವಳು ಅಯ್ಯೋ ಪಾಪ ಎನ್ನಲಿಲ್ಲ. "ಯಾರ್ಹಂಗ ಇದ್ಲು?" ಎಂದು ಕೇಳಿದಳು. ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮನೆಯವರ ಹಣೆ, ನನ್ನ ಗಲ್ಲ ಎಂದೆ. ಅವಳ ರೊಟ್ಟಿಯಲ್ಲಿ ಅರ್ಧ ನಾನು ತಿಂದೆ, ನನ್ನ ಮುದ್ದೆ ಅವಳಿಗೆ ನುಂಗಲು ಬರಲಿಲ್ಲ.

ಈಗ ನಮ್ಮ ಕೇರಿಗೆ ಗಿಡವಿಲ್ಲ. ಹೂ ಬೇಕಾದವರು ಗುಡ್ಡಕ್ಕೆ ಹೋಗುತ್ತಾರೆ. ಗುಡ್ಡದಲ್ಲಿ ಯಾರ ಅಂಗಳವೂ ಇಲ್ಲವಾದ್ದರಿಂದ ಯಾರು ಬೇಕಾದರೂ ಕೀಳುತ್ತಾರೆ. ನಮ್ಮನೆಯವರು ಸೈಕಲ್ ಹತ್ತಿ ಹೋಗಿ ತಾವೇ ಕಿತ್ತು ತರುತ್ತಾರೆ. ನಾನು ಕಷಾಯಕ್ಕೆ ಶುಂಠಿ ಹಾಕುತ್ತೇನೆ. ನನ್ನನ್ನು ಈಗ ಬರೀ ಓಬಳಮ್ಮ ಎನ್ನುತ್ತಾರೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಾಶವ್ವನ ಬಾಗಿಲಿಗೆ ಹೋಗುತ್ತೇನೆ. ಅವಳು ಹೊಲಿಯುತ್ತಾಳೆ, ನಾನು ದಾರ ಪೋಣಿಸಿ ಕೊಡುತ್ತೇನೆ. ಮಾತು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿನ್ನೆ ನಾನು ಹೋಗುವುದು ಸ್ವಲ್ಪ ತಡವಾಯಿತು. ಕಿಟಕಿಯಿಂದ ನೋಡಿದರೆ ಹಿಟ್ಟಿನ ಗಿರಣಿಯ ಸಾಕಮ್ಮ ಅಲ್ಲಿ ಕೂತಿದ್ದಳು. ಕೌದಿಗೆ ಕೊಡಲು ಹಳೆ ಸೀರೆ ತಂದಿದ್ದಳು. ಸೀರೆ ಕೊಟ್ಟವಳು ಎದ್ದು ಹೋಗಬೇಕಷ್ಟೆ, ಹೋಗಲಿಲ್ಲ. ಬಗ್ಗಿ ಏನೋ ಹೇಳುತ್ತಿದ್ದಳು. ಕಾಶವ್ವ ಸೂಜಿ ನಿಲ್ಲಿಸಿ, ತಲೆ ಒಂದು ಕಡೆಗೆ ಓರೆ ಮಾಡಿ ಕೇಳುತ್ತಿದ್ದಳು. ನನ್ನ ಮಾತು ಕೇಳುವಾಗ ಅವಳು ಸೂಜಿ ನಿಲ್ಲಿಸಿದ್ದು ನನಗೆ ನೆನಪಿಲ್ಲ. ನಾನು ಸರಳು ಹಿಡಿದು ನಿಂತೆ. ಸಾಕಮ್ಮ ಕಣ್ಣೊರೆಸಿಕೊಂಡಳು. ಕಾಶವ್ವ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

ಒಳಗೆ ಹೋಗಿ ಟ್ರಂಕು ತೆಗೆದೆ. ಹಳೆ ಸೀರೆ ಒಂದೂ ಉಳಿದಿರಲಿಲ್ಲ, ಎಲ್ಲ ಆಗಲೇ ಅವಳಿಗೆ ಕೊಟ್ಟಾಗಿತ್ತು. ಮೇಲೆ ಮಡಿಸಿಟ್ಟಿದ್ದ, ಇನ್ನೂ ಗಂಜಿ ವಾಸನೆ ಹೋಗದ ಹಸಿರು ಸೀರೆಯನ್ನು ಎಳೆದು, ಅಂಚು ಕಚ್ಚಿ, ನಡುವೆ ಪರ್ರನೆ ಹರಿದೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿದೆ.